ಜಯಮ್ಮನ ಎಡಗೆನ್ನೆ

ಅಲ್ಟ್ರಾಸೌಂಡಿನ ತಣ್ಣನೆಯ ಹಿಡಿ ಊದಿದ ಎಡಗೆನ್ನೆಗೆ ತಾಗಿದಾಗ ಜಯಮ್ಮ ಕಣ್ಣು ಮುಚ್ಚಿದರು. ಟೌರಂಗಾದ ಆ ಕ್ಲಿನಿಕ್ಕಿನ ಬಾಗಿಲಲ್ಲಿ ಮಗಳು ಶ್ರೀರಕ್ಷಾ ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಒಳಗೆ ಬರಲು ಅಮ್ಮನೇ ಬಿಟ್ಟಿರಲಿಲ್ಲ. ಬಾಣಂತನಕ್ಕೆಂದು ಊರಿನಿಂದ ಈ ಪರದೇಶಕ್ಕೆ ಬಂದಿದ್ದ ಜಯಮ್ಮ, ಕೆನ್ನೆ ಊದಿದ ದಿನವೇ ಇದು ಮಂಗನಬಾವು ಎಂದು ತಾವೇ ತೀರ್ಮಾನಿಸಿ, ಮಗಳ ಚಿನ್ನದ ಸರ ಕೊರಳಿಗೆ ಹಾಕಿಕೊಂಡು ಹಿತ್ತಲಿನಲ್ಲಿ ಮನೆಯಿಂದ ಬೇರೆಯಾಗಿದ್ದ ಸ್ಲೀಪ್‌ಔಟ್ ಕೋಣೆ ಸೇರಿದ್ದರು. ಮಗುವನ್ನು ಮುಟ್ಟಿ ನಾಲ್ಕು ದಿನವಾಗಿತ್ತು.

"ಸರ ಹಾಕೊಂಡ್ರೆ ಬಾವು ಇಳಿಯತ್ತೆ ಅಂತ ಯಾರು ಹೇಳಿದ್ದು ಆಂಟಿ?" ಮೈಸೂರಿನಲ್ಲಿ ಓದಿದ್ದ ಡಾಕ್ಟರ್ ನಿತೀಶ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ನಿಮ್ಮಮ್ಮನ್ನ ಕೇಳಿ. ನಿಮಗೂ ಹಾಕಿರ್ತಾರೆ."

ನಿತೀಶ್ ನಕ್ಕು, ಪರದೆಯನ್ನು ಅವರತ್ತ ತಿರುಗಿಸಿದರು. "ಕಿವಿ ಕೆಳಗಿನ ಗ್ರಂಥಿ ಚೆನ್ನಾಗೇ ಇದೆ, ಮಂಗನಬಾವಲ್ಲ. ಈ ಕಪ್ಪಗಿರೋದು ಕೀವು, ಹುಳುಕು ಹಲ್ಲಿನ ಬುಡದ್ದು. ಇವತ್ತೇ ಆಸ್ಪತ್ರೆಗೆ ಹೋಗಿ ತೆಗೆಸ್ಬೇಕು. ಹಲ್ಲೂ ಹೋಗತ್ತೆ."

"ಮಗೂಗೆ ಅಂಟತ್ತಾ?"

"ಹಲ್ಲಿನ ಕೀವು ಹಾಗೆಲ್ಲ ಅಂಟಲ್ಲ ಆಂಟಿ."

ಜಯಮ್ಮ ಕೆನ್ನೆಯ ಜೆಲ್ ಒರೆಸಿಕೊಳ್ಳುವಷ್ಟೂ ತಡೆಯದೆ, ಮಲಗಿದ್ದಲ್ಲಿಂದಲೇ ಬಾಗಿಲಿನತ್ತ ಎರಡೂ ಕೈ ಚಾಚಿದರು.