ಅಕ್ಕ ಹಾಕಿದ ಏಳನೆಯ ಮತ

ಕಾಡುದಾರಿಗೆ ಮೂರು ಕೈ ಎದ್ದವು, ಟಾರು ರಸ್ತೆಗೂ ಮೂರು. ನಾಳಿನ ಸೈಕಲ್ ಸವಾರಿಯ ಗಲಾಟೆಗೆ ರಿಪೇರಿ ಅಂಗಡಿ ಸಂತೆಯಾಗಿತ್ತು. ಎಲ್ಲರೂ ಅಂಗಡಿಯವನ ಅಕ್ಕನತ್ತ ತಿರುಗಿದರು. ಐವತ್ತೆರಡನೆಯ ವಯಸ್ಸಿನಲ್ಲಿ ಸೈಕಲ್ ಕಲಿತವಳು. ಮೊಣಕೈಯ ಗಾಯ ಇನ್ನೂ ಮಾಗಿರಲಿಲ್ಲ.

“ಅಕ್ಕನಿಗೋಸ್ಕರ ಟಾರು ರಸ್ತೇನೇ ಇರ್ಲಿ ಬಿಡ್ರೋ,” ಎಂದ ತಮ್ಮ, ಕಾಡುದಾರಿಗೆ ಎತ್ತಿದ್ದ ಕೈ ಇಳಿಸುತ್ತ. ಬೆಳಿಗ್ಗೆಯೇ ಅವಳ ಚಕ್ರಗಳಿಗೆ ಕಲ್ಲಿನಂತೆ ಗಾಳಿ ತುಂಬಿಟ್ಟಿದ್ದ. ನುಣುಪು ರಸ್ತೆಗೆ ಅದೇ ಸರಿ, ಕಲ್ಲುಮಣ್ಣಿನ ದಾರಿಗಾದರೆ ಸ್ವಲ್ಪ ಬಿಡಬೇಕು ಎಂದು ಅವಳಿಗೆ ಕಲಿಸಿದವನೂ ಅವನೇ.

ಅಕ್ಕ ತನ್ನ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ವಾಲ್ವಿನ ಮುಚ್ಚಳ ಬಿಚ್ಚಿ, ಉಗುರಿನಿಂದ ಒತ್ತಿದಳು. ಗಾಳಿ ಬುಸ್ಸೆಂದಿತು. ಹೆಬ್ಬೆರಳಲ್ಲಿ ಟೈರು ಅದುಮಿ ನೋಡಿ, ಹಿಂದಿನ ಚಕ್ರಕ್ಕೆ ಸರಿದಳು.

“ಬಾಯಿ ಬಿಟ್ಕೊಂಡು ಏನ್ ನೋಡ್ತಿದೀಯೋ?” ಎಂದಳು ತಮ್ಮನಿಗೆ. “ನಿನ್ ಸೈಕಲ್ ಗಾಳೀನೂ ನಾನೇ ಬಿಡ್ಬೇಕಾ?”