ಅರಾಡೋದ ಎಡ ಎಂಜಿನ್

ಅಭಿರಾಮ್‌ಗೆ ತಾಳ್ಮೆಯಿರಲಿಲ್ಲ. ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ಸಾಲದಲ್ಲಿ ಮುಳುಗಿದ್ದ ತನ್ನ ಪುಟ್ಟ ಕಂಪನಿ ಮಾಡಿದ್ದ ಯುದ್ಧವಿಮಾನದ ಗೇಮನ್ನು ಕೊಳ್ಳಲು ಬಂದಿದ್ದ ಮಿಲ್ಲರ್‌ಗೆ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಹಾರಿಸಿದ ಮೊದಲ ಜೆಟ್ ಬಾಂಬರ್ ಅರಾಡೋವನ್ನು ತಾನೇ ಹಾರಿಸಿ ತೋರಿಸಲು ಕೂತ. ನೆಲ ಬಿಡುತ್ತಲೇ ವೇಗದ ಹಿಡಿಯಾದ ಥ್ರಾಟಲನ್ನು ಒಂದೇ ಏಟಿಗೆ ಕೊನೆಯವರೆಗೆ ತಳ್ಳಿದ. ಪರದೆಯ ಮೇಲೆ ಎಡ ಎಂಜಿನ್‌ಗೆ ಬೆಂಕಿ ಹತ್ತಿತು.

“ಇದು ಬಗ್ಗಾ, ಕೋಡ್‌ನ ತಪ್ಪಾ?” ಮಿಲ್ಲರ್ ಇಂಗ್ಲಿಷಿನಲ್ಲಿ ಕೇಳಿದ.

“ಹೂಂ ಅನ್ನು ಪ್ರಣೀತಾ, ನಾಳೇನೇ ಫಿಕ್ಸ್ ಮಾಡ್ತೀವಿ ಅನ್ನು,” ಪಕ್ಕದಲ್ಲಿದ್ದ ತನ್ನ ಪ್ರೋಗ್ರಾಮರ್‌ಗೆ ಅಭಿರಾಮ್ ಕನ್ನಡದಲ್ಲಿ ಪಿಸುಗುಟ್ಟಿದ.

“ಇದು ನಲವತ್ನಾಲ್ಕರ ಜೆಟ್ಟು, ನಿನ್ನ ಹೋಂಡಾ ಅಲ್ಲ. ನಿಧಾನಕ್ಕೆ ತಳ್ಳು ಅಂತ ಬೆಳಿಗ್ಗೇನೇ ಬಡ್ಕೊಂಡ್ನಲ್ಲ?”

ಹಳೆಯ ಪೈಲಟ್‌ಗಳ ವರದಿ ಓದಿ ಓದಿ ಪ್ರಣೀತಾ ಎಂಟು ತಿಂಗಳು ಆ ಎಂಜಿನ್ನಿನ ಕೋಡ್ ಬರೆದಿದ್ದಳು. ಒಂದು ಕೀ ಒತ್ತಿದ್ದರೆ ಬೆಂಕಿ ಆರುತ್ತಿತ್ತು. ಅವಳು ಕೈಕಟ್ಟಿ ನಿಂತಳು. ವಿಮಾನ ರನ್‌ವೇ ಬೇಲಿಯಾಚೆ ಬಿದ್ದಿತು.

“ಬಗ್ ಅಲ್ಲ,” ಎಂದು ಮಿಲ್ಲರ್‌ಗೆ ಹೇಳಿದಳು. “ಎಂಜಿನ್ ಇದ್ದದ್ದೇ ಹಾಗೆ. ನಾನು ಬದಲಾಯಿಸುವುದಿಲ್ಲ.”

“ಜನ ಬಾಂಬ್ ಹಾಕೋಕೆ ಆಡ್ತಾರೆ, ಎಂಜಿನ್ ಕಾಯೋಕಲ್ಲ,” ಎಂದು ಮಿಲ್ಲರ್ ಗೇಮ್ ಕೊಳ್ಳದೆಯೇ ಎದ್ದು ಹೋದ.

ಹೋದದ್ದು ಒಂದು ಎಂಜಿನ್, ಒಂದು ವಿಮಾನ, ಹನ್ನೊಂದು ಜನರ ಕೆಲಸ. ಅದರಲ್ಲಿ ಅವಳದೂ ಒಂದು.