ಕೆಂಪು ಚೌಕಟ್ಟು

ಜಿಷ್ಣು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ ಸದ್ದಿಗೇ ಶ್ರೀಜಾಗೆ ಗೊತ್ತಾಯಿತು: ಕೆಂಪು ಬಿದ್ದಿದೆ. ಒಂದು ಕಿವಿಯ ಇಯರ್‌ಫೋನ್ ತೆಗೆದಳು.

"ಚೇಚೀ, ಇದು ನಿಮ್ಮದೇ ಕೆಲಸ ತಾನೇ?"

"ಹೇಗೆ ಕಾಣ್ತಿದೆ?"

"ಅದನ್ನ ಬೇರೆ ಕೇಳ್ತೀರಾ! ಒಂದೊಂದು ಸೀರೆ ಸುತ್ತಲೂ ಬೆರಳುದಪ್ಪ ಕೆಂಪು. ಇದೇನು ಕೈಮಗ್ಗದ ಅಂಗಡಿನಾ, ಕಸಾಯಿಖಾನೆನಾ? ಸಂಜೆ ಅಂಗಡಿ ಯಜಮಾನರು ಕರುಣೇಟ್ಟನ್ ಬಂದು ನೋಡಿದ್ರೆ ನನ್ನ ಚರ್ಮ ಸುಲೀತಾರೆ."

ತ್ರಿಶೂರಿನ ಆ ಕಚೇರಿಯಲ್ಲಿ ವೆಬ್ ಪುಟ ಕಟ್ಟುವವರು ಇವರಿಬ್ಬರೇ: ಜಿಷ್ಣು, ಮತ್ತು ಅವನು ಅಕ್ಕ ಎಂಬಂತೆ ಚೇಚಿ ಎಂದು ಕರೆಯುವ ಶ್ರೀಜಾ. ಚಿತ್ರ ಜೋಡಿಸಿ, ಪ್ರತಿಯೊಂದರ ಬೆನ್ನಿಗೂ ಒಂದು ವಿವರಣೆ ಬರೆದಿಡುವುದು ಜಿಷ್ಣುವಿನ ಪಾಲು. ಇಂಟರ್ನೆಟ್ ನಿಧಾನವಾಗಿ ಚಿತ್ರ ಬಾರದಿದ್ದಾಗ ಆ ವಿವರಣೆ ಕಾಣುತ್ತದೆ. ಪುಟದ ಅಂದಚಂದದ ನಿಯಮ ಬರೆಯುವುದು ಶ್ರೀಜಾಳ ಪಾಲು. ಆ ಕಡತವನ್ನು ಅವನು ಮುಟ್ಟುವಂತಿರಲಿಲ್ಲ.

ಅವಳ ಮದುವೆ ಓಣಂ ಬರುವ ಚಿಂಗಂ ತಿಂಗಳಲ್ಲಿ. ಸೀರೆಯನ್ನು ಕರುಣೇಟ್ಟನ್ ಅಂಗಡಿಯ ಈ ಪುಟದಿಂದ ತಾನೇ ಆರಿಸುತ್ತೇನೆಂದು ಮನೆಯಲ್ಲಿ ಹಟ ಹಿಡಿದಿದ್ದಳು. "ನಿಂಗೇನು ತಿಳಿಯುತ್ತೆ ಮೋಳೇ, ನಾವು ಆರಿಸ್ತೀವಿ ಬಿಡು" ಎಂದಿದ್ದರು ಅಮ್ಮ ಮತ್ತು ಸೋದರತ್ತೆ ಅಮ್ಮಾಯಿ. ಹುಟ್ಟಿದಂದಿನಿಂದ ಮೈಮೇಲೆ ಬಿದ್ದ ಬಟ್ಟೆಯೆಲ್ಲ ಅವರು ಆರಿಸಿದ್ದೇ. ಇಂದು ಸಂಜೆಯೊಳಗೆ ಹೇಳದಿದ್ದರೆ ನಾಳೆ ಅಮ್ಮಾಯಿ ಅಂಗಡಿಗೆ ಹೊರಡುತ್ತಾಳೆ.

ವಿವರಣೆ ಬರಿ ಎಂದು ಜಿಷ್ಣುವಿಗೆ ಹೇಳಿ ಹೇಳಿ ಸಾಕಾಗಿ ಶ್ರೀಜಾ ಬೆಳಿಗ್ಗೆ ಒಂದು ಸಾಲು ಬರೆದಿದ್ದಳು. ಹೆಸರು ಹಿಡಿದಲ್ಲ, ಗುಣ ಹಿಡಿದು ಆರಿಸುವ ನಿಯಮ: ವಿವರಣೆ ಇಲ್ಲದ ಚಿತ್ರ ಎಲ್ಲಿದ್ದರೂ ಅದಕ್ಕೆ ಕೆಂಪು ಚೌಕಟ್ಟು.

ಜಿಷ್ಣು ಎಲ್ಲ ಚಿತ್ರಕ್ಕೂ ಖಾಲಿ ವಿವರಣೆ ತುಂಬಿದ. ಕೆಂಪು ಹೋಯಿತು. ವಿವರಣೆ ಖಾಲಿಯಿದ್ದರೂ ಕೆಂಪು ಎಂದು ಅವಳು ಇನ್ನೊಂದು ಸಾಲು ಸೇರಿಸಿದಳು. ಅವನು ಎಲ್ಲದಕ್ಕೂ 'ಸೀರೆ' ಎಂದು ಬರೆದ. ಬರೀ 'ಸೀರೆ' ಎಂದಿದ್ದರೆ ಕೆಂಪು ಎಂದಳು. ಅವನು ಕ್ಯಾಮೆರಾ ಕೊಟ್ಟ ಸಂಖ್ಯೆಗಳನ್ನೇ ಸುರಿದ. ಅಂಕಿಯಿಂದ ಶುರುವಾದರೂ ಕೆಂಪು.

"ಇಷ್ಟೊಂದು ಸೀರೆಗೆ ಕೂತು ಬರೆಯೋದಾ? ಕೊಳ್ಳೋರಿಗೆ ಇದೆಲ್ಲ ಬೇಕಾ ಚೇಚಿ?"

"ಒಬ್ಬಳಿಗಾದ್ರೂ ಬೇಕು ಮೋನೇ."

"ಆ ಮಹಾರಾಣಿ ಯಾರಪ್ಪಾ!"

"ಬರಿ, ಬಂದಾಗ ಪರಿಚಯ ಮಾಡಿಸ್ತೀನಿ."

ಊಟದ ಹೊತ್ತಿಗೆ ಕಚೇರಿಯವರೆಲ್ಲ ಎಂದಿನಂತೆ ಶ್ರೀಜಾಳ ಮೇಜಿನ ಮೇಲೆಯೇ ಡಬ್ಬಿ ಬಿಚ್ಚಿದರು. ಅಷ್ಟು ಜಾಗ ಬೇರಾರ ಮೇಜಿನಲ್ಲೂ ಇರಲಿಲ್ಲ. ಜಿಷ್ಣು ಮಾತ್ರ ಮಜ್ಜಿಗೆಯ ಮೋರು ಕರಿ ಕಲಸಿದ ಅನ್ನವನ್ನು ತನ್ನ ಜಾಗದಲ್ಲೇ ತಿನ್ನುತ್ತ, ಎಡಗೈಯಲ್ಲಿ ಕೀಲಿಗಳನ್ನು ಕುಟ್ಟುತ್ತಿದ್ದ. ಮೊದಮೊದಲು ಆ ಕುಟ್ಟುವಿಕೆಯಲ್ಲಿ ಸಿಟ್ಟಿತ್ತು. ಆಮೇಲೆ ನಡುನಡುವೆ ನಿಲ್ಲತೊಡಗಿತು, ನೋಡಿ ಬರೆಯುವವರ ಹಾಗೆ. ಶ್ರೀಜಾ ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಸಂಜೆ ಕರುಣೇಟ್ಟನ್ ಬಂದರು. ಈ ಕಚೇರಿಗೆ ಅವರು ಬಂದದ್ದು ಅದೇ ಮೊದಲು. ಜಿಷ್ಣುವಿನ ಮೇಜಿನ ಬಳಿ ನಿಂತು ಪುಟವನ್ನು ಮೇಲಿಂದ ಕೆಳಗಿನವರೆಗೂ ನೋಡಿದರು. ಕೆಂಪು ಎಲ್ಲೂ ಇರಲಿಲ್ಲ.

"ಮದುವಣಗಿತ್ತಿ ನೀನೇ ಅಂತಲ್ಲ ಮೋಳೇ? ಆರಿಸಿದ್ಯಾ?"

"ಆರಿಸಿದೆ ಏಟ್ಟಾ. ಹಾಲಿನ ಕೆನೆ ಬಣ್ಣದ್ದು. ಕಿರುಬೆರಳಗಲ ಚಿನ್ನದ ಜರಿಯ ಕಸವು ಅಂಚು. ಸೆರಗಲ್ಲಿ ಒಂದೇ ಒಂದು ನವಿಲು, ಯಾರೋ ಕರೆದ ಹಾಗೆ ಹಿಂದಕ್ಕೆ ತಿರುಗಿ ನೋಡ್ತಾ ಇದೆ."

ಜಿಷ್ಣು ತಲೆ ತಗ್ಗಿಸಿದ. ಅಕ್ಷರಕ್ಕೆ ಅಕ್ಷರ, ಅವನು ಬರೆದದ್ದೇ.

"ಎಲ್ಲಿ, ತೋರ್ಸು ನೋಡೋಣ" ಎನ್ನುತ್ತ ಕರುಣೇಟ್ಟನ್ ಕನ್ನಡಕ ಸರಿಮಾಡಿಕೊಂಡು ಅವಳ ಮೇಜಿನತ್ತ ಬಗ್ಗಿದರು.

ಅಲ್ಲಿದ್ದದ್ದು ಒಂದು ಕೀಲಿಮಣೆ, ಪುಟದ ಬರಹವನ್ನು ಕಿವಿಗೆ ಓದಿ ಹೇಳುವ ಇಯರ್‌ಫೋನು, ಪಕ್ಕದಲ್ಲಿ ಮಡಿಸಿಟ್ಟ ಬಿಳಿ ಕೋಲು. ಪರದೆ ಎಂಬುದು ಆ ಮೇಜಿನ ಮೇಲೆ ಎಂದೂ ಇರಲಿಲ್ಲ.